ಸಮುವೇಲ ಮಾಮಾ ಬರುವ ಕಾಲ

ನಮ್ಮ ಮನೆಯಲ್ಲಿ ಡಿಸೆಂಬರ್ ಅಂದರೆ ದನಿ ತಗ್ಗಿಸುವ ತಿಂಗಳು. ಹೊರಗೆ ಬೈಲಹೊಂಗಲದ ತುಂಬ ಗಡಿಬಿಡಿ. ಹತ್ತಿಯ ಅಂಡಿಗೆಗಳು, ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಹೊರಟ ಕಬ್ಬಿನ ಲಾರಿಗಳು, ಅವುಗಳ ಹಿಂದೆ ಕಬ್ಬು ಜಗ್ಗಲು ಓಡುವ ಮಕ್ಕಳು. ಒಳಗೆ ನಮಗೆ ರೇಡಿಯೋ ಹಚ್ಚುವಂತಿಲ್ಲ, ಸಿಹಿ ಕರಿಯುವಂತಿಲ್ಲ, ಬಾಗಿಲು ಧಡಾರನೆ ಹಾಕುವಂತಿಲ್ಲ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ರವಿವಾರಗಳನ್ನು ಅಪ್ಪ ಆಗಮನ ಕಾಲ ಎನ್ನುತ್ತಿದ್ದ. ಸರಕಾರಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ ಅವನು ಔಷಧದ ವಾಸನೆಯೊಂದಿಗೇ ಮನೆಗೆ ಬಂದು, ಕೈಕಾಲು ತೊಳೆದು, ಪಡಸಾಲೆಯ ಸ್ಟೂಲಿನ ಮೇಲೆ ಹಿತ್ತಾಳೆಯ ಪರಾತ ಇಡುತ್ತಿದ್ದ. ಅದರಲ್ಲಿ ಮಲಪ್ರಭೆಯ ಉಸುಕು, ಉಸುಕಿನಲ್ಲಿ ನಾಲ್ಕು ಮೇಣದ ಬತ್ತಿ, ಸುತ್ತಲೂ ಬೇವಿನ ಟೊಂಗೆ. ಬೇವು ಒಂದೇ ದಿನಕ್ಕೆ ಬಾಡಿ ಕಹಿ ವಾಸನೆ ಬಿಡುತ್ತಿತ್ತು. ಇವತ್ತಿಗೂ ಬೇವಿನ ಎಲೆ ಬಾಡಿದ ವಾಸನೆ ಬಂದರೆ ನನಗೆ ಯಾರೋ ಬರಬೇಕಾಗಿದೆ ಎನಿಸುತ್ತದೆ. ಊರಲ್ಲಿ ನಮ್ಮ ಸಭೆಯವರದು ಬೆರಳೆಣಿಕೆಯ ಮನೆಗಳು. ಪಾದ್ರಿಗಳು ಧಾರವಾಡದಿಂದ ಬರಬೇಕು. ಅವರ ಬಸ್ಸು ತಪ್ಪಿದರೆ ಅಪ್ಪನೇ ಆರಾಧನೆ ನಡೆಸುತ್ತಿದ್ದ. ಸಂಜೆ ಮನೆಯಲ್ಲಿ ಎಲ್ಲರೂ ಚಾಪೆಯ ಮೇಲೆ ಕೂತು, ಒಂದು ಕೀರ್ತನೆ ಮೆಲ್ಲಗೆ ಹಾಡಿ, ಆಮೇಲೆ ಏನೂ ಮಾತಾಡದೆ ಬತ್ತಿಯ ಉರಿ ನೋಡುತ್ತ ಇರಬೇಕು. ಮೊದಲನೇ ಬತ್ತಿಯ ಹೆಸರು ನಿರೀಕ್ಷೆ. ನಮ್ಮ ದೇವಾಲಯದ ಕನ್ನಡದಲ್ಲಿ ಹಾದಿ ಕಾಯುವುದಕ್ಕೂ ಭರವಸೆಗೂ ಆ ಒಂದೇ ಶಬ್ದ. ಅವೆರಡೂ ಬೇರೆಬೇರೆ ಇರಬಹುದು ಎಂದು ನನಗೆ ಆಗ ಯಾರೂ ಹೇಳಿರಲಿಲ್ಲ.

ಆ ಮೊದಲ ಬತ್ತಿಯನ್ನು ಹಚ್ಚುವವಳು ಪ್ರತಿ ವರ್ಷವೂ ನಮ್ಮ ಮಾರ್ಥಾ ಅತ್ತೆ, ಅಪ್ಪನ ತಂಗಿ. ಅವಳ ಗಂಡ ಸಮುವೇಲ ಮಾಮಾ ದೊಡವಾಡದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದವನು. ನಾನು ಇನ್ನೂ ತೊದಲುವ ಕೂಸಾಗಿದ್ದಾಗ, ಒಂದು ಮುಂಜಾನೆ, ಗಿರಣಿಯ ಪಟ್ಟಾ ಹರಿದಿದೆ, ಧಾರವಾಡದಿಂದ ಹೊಸದು ತರುತ್ತೇನೆ ಎಂದು ಬಸ್ಸು ಹತ್ತಿದವನು ತಿರುಗಿ ಬರಲಿಲ್ಲ. ಧಾರವಾಡದಲ್ಲಿ ಇಳಿದದ್ದನ್ನು ಕಂಡಕ್ಟರ್ ನೋಡಿದ್ದ, ಅಷ್ಟೇ. ಅಪ್ಪ ದವಾಖಾನೆಗಳಲ್ಲಿ ವಿಚಾರಿಸಿದ, ಪೊಲೀಸರಿಗೆ ಹೇಳಿದ, ಬಾವಿಗಳನ್ನೂ ನೋಡಿಸಿದ. ಗಂಡಹೆಂಡತಿ ಜಗಳಾಡಿರಲಿಲ್ಲ, ಮಾಮಾ ಕುಡಿಯುತ್ತಿರಲಿಲ್ಲ. ಒಂದು ವರ್ಷ ಒಬ್ಬಳೇ ಗಿರಣಿಯ ಬಾಗಿಲು ಕಾಯ್ದ ಮೇಲೆ ಅತ್ತೆ ನಮ್ಮ ಮನೆಗೆ ಬಂದಳು. ನಡುಮನೆಯ ಕಿಟಕಿಯಿಲ್ಲದ ಮೂಲೆ ಅವಳದಾಯಿತು: ಒಂದು ಹೊರಸು, ಒಂದು ಟ್ರಂಕು, ಗೂಟಕ್ಕೆ ಒಂದು ಚೀಲ. ರೊಟ್ಟಿ ಬಡಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವಳು ಒಲೆಯ ಮುಂದೆ ಕೂತರೆ ಅವ್ವ ಪಲ್ಯ ಹೆಚ್ಚುತ್ತಿದ್ದಳು. ಹಿಟ್ಟು ಬಿಸಿನೀರಿನಲ್ಲಿ ಕಲೆಸಬೇಕೋ ಕುದಿನೀರಿನಲ್ಲೋ ಎಂದು ಇಬ್ಬರೂ ವರ್ಷವಿಡೀ ವಾದಿಸುತ್ತಿದ್ದರು, ಆಗಮನ ಕಾಲದಲ್ಲಿ ಮಾತ್ರ ಪಿಸುದನಿಯಲ್ಲಿ.

ನವೆಂಬರ್ ಮುಗಿಯುತ್ತಿದ್ದಂತೆ ಅತ್ತೆ ಟ್ರಂಕು ತೆಗೆದು ಮಾಮಾನ ಎರಡು ಬಿಳಿ ಅಂಗಿಗಳನ್ನು ಒಗೆದು, ಗಂಜಿ ಹಾಕಿ, ಕೆಂಡದ ಇಸ್ತ್ರಿಪೆಟ್ಟಿಗೆ ಎಳೆದು, ಮಡಚಿ ಮತ್ತೆ ಒಳಗಿಡುತ್ತಿದ್ದಳು. ಅಪ್ಪನ ಪ್ರಾರ್ಥನೆಯ ಕೊನೆಗೆ ಪ್ರತಿ ಸಂಜೆಯೂ ಒಂದೇ ಸಾಲು: ಮನೆ ಬಿಟ್ಟು ಹೋದ ನಿನ್ನ ಮಗ ಸಮುವೇಲನನ್ನು ಈ ಆಗಮನ ಕಾಲದಲ್ಲಿ ಕರೆದುಕೊಂಡು ಬಾ. ಹೀಗಾಗಿ ನನಗೆ ಬಹಳ ವರ್ಷ ಒಂದು ಗೊಂದಲವಿತ್ತು. ಹಾಡಿನಲ್ಲಿ ಬರುತ್ತಾನೆ ಬರುತ್ತಾನೆ ಎನ್ನುವುದು ಸಮುವೇಲ ಮಾಮಾನನ್ನೇ ಎಂದುಕೊಂಡಿದ್ದೆ. ಅವನಿಗಾಗಿಯೇ ಸುಣ್ಣ ಹಚ್ಚುವುದು, ಅವನಿಗಾಗಿಯೇ ನಮ್ಮ ಬಾಯಿಗೆ ಸಿಹಿಯಿಲ್ಲ, ಅವನು ಬಾರದ್ದಕ್ಕೇ ಇಪ್ಪತ್ತೈದನೆಯ ತಾರೀಖು ಎಲ್ಲರೂ ಹೊಸ ಬಟ್ಟೆ ಹಾಕಿಕೊಂಡು ಅತ್ತೆಯನ್ನು ಸಮಾಧಾನ ಮಾಡುವುದು. ಅವ್ವನಿಗೆ ಇದು ಯಾವುದೂ ಸರಿಬರುತ್ತಿರಲಿಲ್ಲ. ಅತ್ತೆ ಹಿತ್ತಿಲಲ್ಲಿದ್ದಾಗ ಒಮ್ಮೆ ಅಡುಗೆಮನೆಯಲ್ಲಿ ಅವಳು ಅಪ್ಪನಿಗೆ ಹೇಳಿದ್ದನ್ನು ನಾನು ಕೇಳಿದ್ದೇನೆ.

"ನೀವು ಪ್ರಾರ್ಥನಾ ಮಾಡಿ ಮಾಡಿ ಪ್ರತಿ ವರ್ಷಾ ಅಕಿ ಗಾಯಾ ಕೆರೀತೀರಿ. ಒಣಗಾಕರ ಬಿಡ್ರಿ."

"ನಂಬಿಕಿ ಇಲ್ಲದಾಂಗ ಮಾತಾಡಬ್ಯಾಡ," ಎಂದ ಅಪ್ಪ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದ ವರ್ಷ, ಮೊದಲನೇ ಬತ್ತಿ ಹಚ್ಚಿದ ವಾರದಲ್ಲಿ, ಹಿಂದಿನ ಮನೆಯ ಇಮಾಮಸಾಬ ಕಾಕಾ ಅಪ್ಪನನ್ನು ಹುಡುಕಿಕೊಂಡು ಬಂದ. ಕಾಕಾ ಲಾರಿ ಡ್ರೈವರ್. ಹಿಂದೆ ದೊಡವಾಡದ ಕಡೆ ಕಾಳಿನ ಚೀಲ ಸಾಗಿಸುತ್ತಿದ್ದಾಗ ಮಾಮಾನ ಗಿರಣಿಯ ಕಟ್ಟೆಯ ಮೇಲೆ ಎಷ್ಟೋ ಸಲ ಚಹಾ ಕುಡಿದವನು. ಈಗ ರಾಮದುರ್ಗದಿಂದ ಸೀರೆಯ ಗಂಟುಗಳನ್ನು ಹೇರಿಕೊಂಡು ಹೋಗುತ್ತಿದ್ದ. ಅಪ್ಪ ಒಳಗೆ ಕರೆದರೂ ಬಾರದೆ ಕಟ್ಟೆಯ ತುದಿಗೆ ಕೂತು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಬಹಳ ಹೊತ್ತು ಕಬ್ಬಿನ ಮಾತಾಡಿದ. ಕೊನೆಗೆ, ರಾಮದುರ್ಗದ ಒಂದು ಮಗ್ಗದ ಶೆಡ್ಡಿನಲ್ಲಿ ಸಮುವೇಲನನ್ನು ಕಂಡೆ ಎಂದ. ಮೊದಲ ಸಲ ಕಂಡಾಗ ಅನುಮಾನ ಬಂದು ಸುಮ್ಮನಿದ್ದನಂತೆ. ಎರಡನೇ ಸಲ ಹೆಸರು ಹಿಡಿದು ಕೂಗಿದಾಗ ಆ ಮನುಷ್ಯ ತಿರುಗಿ ನೋಡಿ, ಕಾಕಾನ ಮಕ್ಕಳು ಹೇಗಿದ್ದಾರೆ ಎಂದು ಕೇಳಿದನಂತೆ. ಇನ್ನೊಂದು ಸಂಸಾರವಿದೆಯೇ ಎಂದು ಅಪ್ಪ ಕೇಳಿದ. ಇಲ್ಲವೆಂದೇ ಅಲ್ಲಿಯವರು ಹೇಳಿದರೆಂದ ಕಾಕಾ. ಒಬ್ಬನೇ ಒಂದು ಖೋಲಿಯಲ್ಲಿರುತ್ತಾನೆ, ಯಾರ ತಂಟೆಗೂ ಹೋಗುವುದಿಲ್ಲ. ರಾಮದುರ್ಗವೆಂದರೆ ನಮ್ಮೂರಿಂದ ಎರಡು ಬಸ್ಸಿನ ಹಾದಿ. ಅಷ್ಟು ವರ್ಷ ಅವನು ಅಷ್ಟು ಹತ್ತಿರ ಇದ್ದ.

ಅತ್ತೆಗೆ ಹೇಳಬೇಡಿ ಎಂದು ಅವ್ವ ಬೇಡಿಕೊಂಡಳು. ಅಪ್ಪ ಮೊದಲು ತಾನೊಬ್ಬನೇ ಹೋಗಿ ಬರುವೆನೆಂದ, ಆಮೇಲೆ ಬೇಡವೆಂದ. ದೇವರು ಪ್ರಾರ್ಥನೆ ಕೇಳಿದ ಮೇಲೆ ಅದನ್ನು ಮುಚ್ಚಿಡುವುದು ಹೇಗೆ ಎನ್ನುವುದು ಅವನ ಮಾತು. ಎರಡನೇ ರವಿವಾರ ಸಂಜೆ, ಸಮಾಧಾನದ ಬತ್ತಿ ಹಚ್ಚಿದ ಮೇಲೆ, ಅವನು ಹೇಳಿಯೇಬಿಟ್ಟ. ಅತ್ತೆ ಅಳಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಹೋಳಿಗೆಗೆಂದು ಶೇಂಗಾ ಹುರಿಯತೊಡಗಿದಳು. ಆಗಮನ ಕಾಲದಲ್ಲಿ ನಮ್ಮ ಮನೆಯಲ್ಲಿ ಬೆಲ್ಲದ ವಾಸನೆ ಬಂದದ್ದು ಅದೇ ಮೊದಲು, ಅಪ್ಪ ಬೇಡವೆನ್ನಲಿಲ್ಲ. ಮರುದಿನ ಅವಳು ಬಳೆಗಾರರ ಅಂಗಡಿಗೆ ಹೋಗಿ ಎರಡೂ ಕೈಗೆ ಹಸಿರು ಬಳೆ ಇಡಿಸಿಕೊಂಡು ಬಂದಳು. ಅಷ್ಟು ವರ್ಷ ಅವಳ ಕೈಯಲ್ಲಿ ಎರಡೆರಡೇ ಬಳೆ ಇರುತ್ತಿದ್ದವು. ನಾನು ಅವಳ ಕೈ ಹಿಡಿದು ಬಳೆಗಳನ್ನು ಹಿಂದೆ ಮುಂದೆ ಸರಿಸಿದಾಗ ಅವಳು ನಕ್ಕಳು. ಆ ನಗುವಿನಲ್ಲಿ ಮುಂದಿನ ಹಲ್ಲೊಂದು ಸ್ವಲ್ಪ ವಾರೆಯಾಗಿರುವುದನ್ನು ನಾನು ಮೊದಲ ಸಲ ನೋಡಿದೆ. ಅಪ್ಪ ಅತ್ತೆಯನ್ನು ಕರೆದುಕೊಂಡು ರಾಮದುರ್ಗಕ್ಕೆ ಹೊರಟಾಗ, ಹುಡುಗಿಯೂ ಜೊತೆಗಿರಲಿ, ಮಗುವನ್ನು ಕಂಡರೆ ಅವನ ಮನಸ್ಸು ಕರಗೀತು ಎಂದು ಅವ್ವ ನನ್ನನ್ನೂ ಕಳಿಸಿದಳು.

ಸವದತ್ತಿಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂದು ಹೊಸ್ತಿಲ ಹುಣ್ಣಿಮೆ, ಹೆಂಗಸರು ಎಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದರು. ಆ ಹುಣ್ಣಿಮೆಗೆ ತಾಯಿ ಮುತ್ತೈದೆತನ ಕಳೆದುಕೊಳ್ಳುತ್ತಾಳೆಂದು ಅವಳ ಭಕ್ತೆಯರು ಅಲ್ಲಿ ಬಳೆ ಒಡೆದುಕೊಳ್ಳುತ್ತಾರೆ. ಮುಂದೆ ಭರತ ಹುಣ್ಣಿಮೆಗೆ ಮತ್ತೆ ಇಟ್ಟುಕೊಳ್ಳುತ್ತಾರೆ. ಬಸ್ಸಿನ ತುಂಬ ಭಂಡಾರದ ಹಳದಿ ಹಾರುತ್ತಿತ್ತು. ಅತ್ತೆಯ ಪಕ್ಕದಲ್ಲಿ ಕೂತಿದ್ದ ಸಂಪಗಾಂವದ ಹೆಣ್ಣುಮಗಳೊಬ್ಬಳು ಅವಳ ಕೈ ನೋಡಿ, ಗುಡ್ಡಕ್ಕೆ ಹೊರಟವಳು ಹೊಸ ಬಳೆ ಇಡಿಸಿಕೊಂಡಿದ್ದೇಕೆ ಎಂದು ಕೇಳಿದಳು. ತಾನು ಗುಡ್ಡಕ್ಕಲ್ಲ, ರಾಮದುರ್ಗಕ್ಕೆ ಹೊರಟಿದ್ದೇನೆ ಎಂದಳು ಅತ್ತೆ.

"ಯಾರದಾರವಾ ಅಲ್ಲಿ?"

"ನಮ್ಮ ಮನಿಯವ್ರು," ಎಂದಳು ಅತ್ತೆ. ಆ ಮಾತನ್ನು ಅವಳ ಬಾಯಲ್ಲಿ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ರಾಮದುರ್ಗದಲ್ಲಿ ಇಳಿದು ಓಣಿ ಹೊಕ್ಕರೆ ಎಲ್ಲ ಕಡೆಯೂ ಮಗ್ಗದ ಸದ್ದು. ಶೆಡ್ಡಿನ ಒಳಗೆ ಅಪ್ಪ ಹೆಸರು ಹೇಳಿದರೆ ಯಾರಿಗೂ ಕೇಳಿಸದು. ಕೊನೆಗೆ ಒಬ್ಬ ಮುದುಕ ಬೆರಳು ತೋರಿಸಿದ. ನಾನು ಎಣಿಸಿದ್ದು ಹಾಡಿನಲ್ಲಿ ಬರುವವನಂಥ ಒಬ್ಬನನ್ನು. ಹೊರಗೆ ಬಂದವನು ಸಣ್ಣಗೆ, ಕಪ್ಪಗೆ, ತಲೆ ಹುಬ್ಬಿನ ಮೇಲೆಲ್ಲ ನೂಲಿನ ಧೂಳು ಕೂತ ಮನುಷ್ಯ. ಅವನು ಬೆಚ್ಚಲಿಲ್ಲ, ಓಡಲಿಲ್ಲ. ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡು, ಬಹಳ ದಿನದ ಮೇಲೆ ಸಂತೆಯಲ್ಲಿ ಸಿಕ್ಕ ಪರಿಚಯದವರನ್ನು ಮಾತಾಡಿಸುವಂತೆ, ಯಾವ ಬಸ್ಸಿಗೆ ಬಂದಿರಿ ಎಂದು ಕೇಳಿದ. ಎದುರಿನ ಚಹಾದಂಗಡಿಗೆ ಕರೆದೊಯ್ದ. ನನ್ನನ್ನು ನೋಡಿ, ಇವಳು ಆಗ ಇಷ್ಟಿದ್ದಳಲ್ಲ ಎಂದು ಕೈಯಿಂದ ಅಳತೆ ತೋರಿಸಿದ. ಗಿರಣಿ ಈಗ ಯಾರ ಕೈಯಲ್ಲಿದೆ ಎಂದು ವಿಚಾರಿಸಿದ. ಅಪ್ಪ ಬೈಯಲು ಬಾಯಿ ತೆರೆದಾಗ ಅತ್ತೆ ಅವನ ತೋಳು ಹಿಡಿದಳು. ಬುತ್ತಿ ಬಿಚ್ಚಿ, ಹೋಳಿಗೆಯನ್ನು ಮಾಮಾನ ಮುಂದಿಟ್ಟಳು. ಅವನು ತಿಂದ. ರುಚಿಯಾಗಿದೆ ಎಂದು ಇನ್ನೊಂದು ತೆಗೆದುಕೊಂಡ. ಅವನು ತಿನ್ನುವುದು ಮುಗಿಯುವವರೆಗೆ ಕಾಯ್ದು ಅತ್ತೆ ಕೇಳಿದಳು.

"ನನ್ನ ಕಡಿಂದ ಏನರ ತಪ್ಪಾಗಿತ್ತೇನ್ರಿ?"

"ಇಲ್ಲ. ನಿನ್ನ ಕಡಿಂದ ಏನೂ ಇಲ್ಲ. ನೀ ಛಲೋ ಇದ್ದಿ."

"ಮತ್ತ ಯಾಕ ಹೋದ್ರಿ?"

ಅವನು ಬಸಿಯಲ್ಲಿ ಉಳಿದ ಚಹಾ ನೋಡುತ್ತ ನಿಜವಾಗಿಯೂ ಯೋಚಿಸಿದ. ಸುಳ್ಳು ಹೇಳುವ ಮನುಷ್ಯನಾಗಿದ್ದರೆ ಒಳ್ಳೆಯದಿತ್ತು.

"ಬರಬಾರದಂತ ಹೋಗಿದ್ದಿಲ್ಲ. ಧಾರವಾಡದಾಗ ಇಳದಾಗ ಪಟ್ಟಾದ ಅಂಗಡಿ ಇನ್ನೂ ತಗದಿದ್ದಿಲ್ಲ. ಕಟ್ಟಿ ಮ್ಯಾಲ ಕುಂತೆ. ಕುಂತಾಗ ಎದಿ ಹಗರಾತು. ಯಾಕಂದ್ರ ನಾ ಅಲ್ಲಿ ಅದೇನಿ ಅಂತ ಯಾರಿಗೂ ಗೊತ್ತಿದ್ದಿಲ್ಲ. ಎದ್ದು ಮತ್ತೊಂದು ಬಸ್ ಹತ್ತಿದೆ. ನಾಳೆ ಹೋಗೂನು ಅಂತಿದ್ದೆ. ಆಮ್ಯಾಲೆ ನಾಚಿಕಿ ಬಂತು. ಆಮ್ಯಾಲೆ ನಾಚಿಕೀನೂ ಹೋತು."

ಈಗ ಬರುತ್ತೀರಾ ಎಂದು ಅತ್ತೆ ಕೇಳಿದಳು. ಅವನು ಇಲ್ಲವೆಂದ. ಕೆಟ್ಟದಾಗಿ ಅನ್ನಲಿಲ್ಲ, ಇನ್ನೂ ಚಹಾ ಬೇಕೇ ಎಂದರೆ ಸಾಕು ಎನ್ನುತ್ತಾರಲ್ಲ, ಹಾಗೆ. ನಾವು ದಿನಾ ಪ್ರಾರ್ಥನೆಯಲ್ಲಿ ನಿನ್ನ ಹೆಸರು ಹಿಡಿಯುತ್ತೇವೆ ಎಂದು ಅಪ್ಪ ಹೇಳಿದಾಗ ಮಾತ್ರ ಅವನ ಮುಖ ಸಣ್ಣದಾಯಿತು. ಇಷ್ಟು ದಿನಕ್ಕೆ ಬಿಟ್ಟಿರಬಹುದೆಂದು ತಿಳಿದಿದ್ದೆ ಎಂದ. ಆಮೇಲೆ ತನ್ನ ಪಾಳಿ ಇದೆ ಎಂದು ಎದ್ದ. ನನ್ನ ತಲೆ ಮುಟ್ಟಿ, ಶೆಡ್ಡಿನ ಬಾಗಿಲಲ್ಲಿ ಬಗ್ಗಿ ಒಳಗೆ ಹೋದ. ಅವನು ತಿರುಗಿ ನೋಡಿದನೋ ಇಲ್ಲವೋ ಎಂದು ಹೇಳಲು ನನಗೆ ಬರುವುದಿಲ್ಲ. ನಾನು ಅತ್ತೆಯ ಮುಖ ನೋಡುತ್ತಿದ್ದೆ. ಅಲ್ಲಿ ಕೋಪವಿರಲಿಲ್ಲ, ದುಃಖವೂ ಇರಲಿಲ್ಲ. ಬಾಗಿಲು ತಟ್ಟಿ ತಟ್ಟಿ, ತೆರೆದು ನೋಡಿದರೆ ಒಳಗೆ ಕೋಣೆಯೇ ಇಲ್ಲದಿದ್ದರೆ ಮನುಷ್ಯರ ಮುಖ ಹೇಗಿರುತ್ತದೋ ಹಾಗಿತ್ತು. ಆ ದಿನ ಮುಂದಿನ ಬಸ್ಸು ಸಿಗದೆ ರಾಮದುರ್ಗದಲ್ಲೇ ಸಭೆಯವರೊಬ್ಬರ ಮನೆಯಲ್ಲಿ ಉಳಿದು, ಮರುದಿನ ಹೊರಟೆವು. ಸವದತ್ತಿಯಲ್ಲಿ ಗುಡ್ಡ ಇಳಿದ ಹೆಂಗಸರು ಬಸ್ಸು ಹತ್ತಿದರು, ಎಲ್ಲರವೂ ಬರಿಗೈ. ಅತ್ತೆಗೆ ಒತ್ತಿ ಕೂತವಳೊಬ್ಬಳು, ಕೈ ಬೋಳು ಕಂಡರೂ ಚಿಂತೆಯಿಲ್ಲ, ಭರತ ಹುಣ್ಣಿಮೆಗೆ ತಾಯಿ ಮತ್ತೆ ಬಳೆ ಇಡಿಸುತ್ತಾಳೆ ಎಂದು ಯಾರಿಗೋ ಹೇಳುತ್ತಿದ್ದಳು. ಅವರ ದುಃಖಕ್ಕೆ ಮುಗಿಯುವ ಒಂದು ತಿಥಿ ಇತ್ತು. ಅತ್ತೆ ಬೈಲಹೊಂಗಲದವರೆಗೂ ಸೆರಗಿನೊಳಗೆ ಕೈ ಮುಚ್ಚಿಕೊಂಡೇ ಕೂತಿದ್ದಳು.

ಮೂರನೇ ರವಿವಾರದ ಬತ್ತಿಯ ಹೆಸರು ಸಂತೋಷ. ಅದನ್ನು ಹಚ್ಚುವವಳು ನಾನು, ಮನೆಯಲ್ಲಿ ಚಿಕ್ಕವಳೆಂದು. ಕಡ್ಡಿ ಗೀರಿ ಹಚ್ಚಿದೆ, ಹಾಡಿದೆವು, ಸುಮ್ಮನೆ ಕೂತೆವು. ಅಪ್ಪ ಪ್ರಾರ್ಥನೆ ಶುರು ಮಾಡಿದ. ಊರು, ದವಾಖಾನೆ, ರೋಗಿಗಳು, ಮಳೆ ಬೆಳೆ ಎಲ್ಲ ಮುಗಿದು, ನಾಲಿಗೆಯ ರೂಢಿಗೆ ಮನೆ ಬಿಟ್ಟು ಹೋದ ನಿನ್ನ ಮಗ ಎನ್ನುವವರೆಗೂ ಬಂದು ನಿಂತುಬಿಟ್ಟ. ನಾನು ಕಣ್ಣು ತೆರೆದೆ. ಅತ್ತೆಯ ಕಣ್ಣು ಮೊದಲೇ ತೆರೆದಿದ್ದವು.

"ಅಂವ ಕಳದಾನ ಅಂತ ಕಾಯ್ತಿದ್ದೆ, ಅಣ್ಣಾ," ಎಂದಳು. "ಕಳದಾಂವನ್ನ ಕಾಯಬೌದು. ಸಿಕ್ಕಾಂವನ್ನ ಹೆಂಗ ಕಾಯೂದು ಹೇಳು. ನನ್ನ ಹಂತ್ಯಾಕ ಇದ್ದದ್ದು ಅದೊಂದ. ಅದನ್ನೂ ಕಸಗೊಂಡ್ರಿ."

ಅತ್ತೆಗೆ ಹೇಳುವುದು ಬೇಡವೆಂದವಳು ತಾನು ಎಂದು ಅವ್ವ ಆಗಲೂ ಮುಂದೆಯೂ ಒಂದು ಸಲವೂ ಎತ್ತಿ ಆಡಲಿಲ್ಲ; ಅದು ಅವಳ ದೊಡ್ಡತನ. ನಾಲ್ಕನೇ ರವಿವಾರ ಪರಾತ ಇಡುವ ಮಾತನ್ನು ಯಾರೂ ತೆಗೆಯಲಿಲ್ಲ. ಕ್ರಿಸ್ಮಸ್ಸು ತನ್ನಷ್ಟಕ್ಕೆ ತಾನು ಬಂತು. ಅತ್ತೆ ಎಂದಿನಂತೆ ಕರ್ಚಿಕಾಯಿ ಕರಿದಳು, ಓಣಿಯ ಮನೆಗಳಿಗೆ ತಾಟು ತುಂಬಿ ಕಳಿಸಿದಳು. ಇಮಾಮಸಾಬ ಕಾಕಾ ತನ್ನ ಮನೆಗೆ ಬಂದ ತಾಟು ಇಸಿದುಕೊಳ್ಳುವಾಗ ನನ್ನ ಮುಖ ನೋಡಲಿಲ್ಲ. ಆಮೇಲಿನ ವರ್ಷಗಳಲ್ಲಿ ಅಪ್ಪ ಪ್ರಾರ್ಥನೆ ಮಾಡುವುದನ್ನು ಬಿಡಲಿಲ್ಲ, ಬೇಡುವುದನ್ನು ಬಿಟ್ಟ. ಆಗಿಹೋದದ್ದಕ್ಕೆ ಮಾತ್ರ ಕೃತಜ್ಞತೆ ಹೇಳಿ ಮುಗಿಸುತ್ತಿದ್ದ. ಹಸಿರು ಬಳೆಗಳು ಪಾತ್ರೆ ತಿಕ್ಕುವಾಗ, ನೀರು ಸೇದುವಾಗ ಒಂದೊಂದೇ ಒಡೆದವು. ಅತ್ತೆ ಅವನ್ನು ತೆಗೆಯಲೂ ಇಲ್ಲ, ಬೇರೆ ಇಡಿಸಲೂ ಇಲ್ಲ. ಕೊನೆಯದು ಯಾವತ್ತು ಹೋಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ನಾನು ಆ ಮನೆಯಲ್ಲಿ ಏನು ಕಲಿತೆ ಎಂದು ಕೇಳಿದರೆ, ಯಾರ ಹಾದಿಯನ್ನೂ ನೋಡದಿರುವುದನ್ನು ಕಲಿತೆ. ಮದುವೆಯಾದ ಮೇಲೆ ನನ್ನ ಗಂಡ ತಡವಾಗಿ ಬಂದರೆ ನಾನು ಉಂಡು, ಅವರ ಪಾಲು ಮುಚ್ಚಿಟ್ಟು, ಮಲಗಿರುತ್ತಿದ್ದೆ. ಮೊದಮೊದಲು ಅವರಿಗೆ ನೋವಾಗುತ್ತಿತ್ತು. ನಿನಗೆ ಕಾಳಜಿ ಇಲ್ಲ ಎನ್ನುತ್ತಿದ್ದರು. ಕಾಳಜಿ ಇತ್ತು, ಬಾಗಿಲ ಕಡೆ ಮುಖ ಮಾಡಿ ಕೂರಲು ಮೈ ಒಪ್ಪುತ್ತಿರಲಿಲ್ಲ. ಈಗಲೂ ಆಗಮನದ ರವಿವಾರಗಳಲ್ಲಿ ದೇವಾಲಯಕ್ಕೆ ಹೋಗುತ್ತೇನೆ, ನಿರೀಕ್ಷೆಯ ಮೇಲೆ ಪ್ರಸಂಗ ಕೇಳುತ್ತೇನೆ, ಮೊದಲ ಬತ್ತಿ ಹಚ್ಚುವ ಹೆಂಗಸಿನ ಬೆನ್ನು ನೋಡುತ್ತೇನೆ. ಇಷ್ಟು ವರ್ಷ ಕೂತು ನೋಡಿದರೂ ನನ್ನೊಳಗೆ ಏನೂ ಹೊತ್ತಿಕೊಂಡದ್ದಿಲ್ಲ.

ಸಮುವೇಲ ಮಾಮಾ ಬಂದ. ಅದನ್ನೂ ಹೇಳಬೇಕು. ನಾನು ಧಾರವಾಡದಲ್ಲಿ ಕಾಲೇಜು ಓದುತ್ತಿದ್ದೆ, ಕ್ರಿಸ್ಮಸ್ ರಜೆಗೆ ಮನೆಗೆ ಬಂದಿದ್ದೆ. ಮಧ್ಯಾಹ್ನ ಕಟ್ಟೆಯ ಮೇಲೆ ಯಾರೋ ಕೆಮ್ಮುವ ಸದ್ದು ಕೇಳಿ ಹೊರಗೆ ಬಂದರೆ ಅವನು ಕೂತಿದ್ದ. ರಾಮದುರ್ಗದ ಆ ಶೆಡ್ಡು ಮುಚ್ಚಿತ್ತು. ನೂಲಿನ ಧೂಳು ಎದೆಯಲ್ಲಿ ಕೂತು ಅವನಿಗೆ ಒಂದು ಮಾತಿಗೆ ಎರಡು ಸಲ ಉಸಿರು ಬೇಕಾಗುತ್ತಿತ್ತು. ನಾನು ಅತ್ತೆಗೆ ಹೋಗಿ ಹೇಳಿದೆ. ಅವಳು ಕೈಯಲ್ಲಿದ್ದ ರೊಟ್ಟಿ ಬಡಿದು, ಬೇಯಿಸಿ, ಬುಟ್ಟಿಗೆ ಹಾಕಿ ಆಮೇಲೆ ಬಂದಳು. ಬಂದಿರಾ ಎಂದಳು. ನೀರು ಕೊಟ್ಟಳು. ತಾಟು ಹಾಕಿ ಬದನೆಕಾಯಿ ಪಲ್ಯ, ಬಿಸಿ ರೊಟ್ಟಿ ಬಡಿಸಿ, ಅವನು ಉಣ್ಣುವವರೆಗೆ ಕಂಬಕ್ಕೆ ಒರಗಿ ನಿಂತಳು. ಅವನು ನಿಧಾನ ಉಂಡ. ಕೈ ತೊಳೆದ ಮೇಲೆ, ಇನ್ನು ಇಲ್ಲಿಯೇ ಇರಬಹುದೇ ಎಂದು ನೆಲ ನೋಡುತ್ತ ಕೇಳಿದ. ಅಪ್ಪ, ನಿವೃತ್ತನಾಗಿ ಮುದಿಯಾಗಿದ್ದವನು, ಬಾಗಿಲಲ್ಲಿ ನಿಂತಿದ್ದ. ಇರಲಿ ಎಂದು ಅವನು ಅಂದೇಬಿಡುತ್ತಿದ್ದನೇನೋ. ಅತ್ತೆ ಅವನಿಗಿಂತ ಮೊದಲು ಮಾತಾಡಿದಳು.

"ಇದು ನನ್ನ ಅಣ್ಣನ ಮನಿ. ಇಲ್ಲಿ ನನಗ ಒಂದು ಮೂಲಿ ಕೊಟ್ಟಾರ. ಅದು ಇಬ್ಬರಿಗೆ ಸಾಲೂದಿಲ್ರಿ."

ಅವನು ತಲೆಯಾಡಿಸಿದ. ನ್ಯಾಯದ ಮಾತು ಎಂಬಂತೆ ಒಪ್ಪಿಕೊಂಡು, ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಅಪ್ಪ ಒಂದಷ್ಟು ದೂರ ಅವನ ಜೊತೆ ಹೋಗಿ ತಿರುಗಿ ಬಂದ. ಆಮೇಲೆ ಅವನೆಲ್ಲಿದ್ದ, ಯಾರು ಮಣ್ಣು ಮಾಡಿದರು, ನಮಗೆ ತಿಳಿಯಲಿಲ್ಲ. ಅತ್ತೆ ತಾಟು ತೊಳೆದಿಟ್ಟು ಹೊರಸಿನ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಹಗಲು ಎಂದೂ ಮಲಗದವಳು ಆ ದಿನ ದೀಪ ಹಚ್ಚುವ ಹೊತ್ತಿನವರೆಗೂ ನಿದ್ದೆ ಮಾಡಿದಳು. ಅಳುತ್ತಿದ್ದಾಳೇನೋ ಎಂದು ನಾನು ಎರಡು ಸಲ ಹೋಗಿ ಬಗ್ಗಿ ನೋಡಿದೆ. ಇಲ್ಲ, ನಿದ್ದೆಯೇ. ಆಮೇಲೆ ಅವಳು ಬಹಳ ವರ್ಷ ಬದುಕಿದಳು. ಅವ್ವ ಹೋದ ಮೇಲೂ, ಅಪ್ಪ ಹೋದ ಮೇಲೂ ಇದ್ದಳು. ಆ ವರ್ಷಗಳ ಬಗ್ಗೆ ಬರೆಯಲು ಕೂತರೆ ನನಗೆ ಒಂದು ಸಾಲೂ ಸಿಗುವುದಿಲ್ಲ.